ಹಟ್ಟಿ ಹಳ್ಳಿಯಾದ ಬಗೆ: ಕಾಡುಗೊಲ್ಲರ ನೆಲೆನಿಲ್ಲುವಿಕೆಯನ್ನು ಕುರಿತು ಒಂದು ವಿವೇಚನೆ

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ, ಊರಿನಿಂದ ಕೊಂಚ ದೂರದಲ್ಲಿ ಪ್ರತ್ಯೇಕವಾಗಿ ನಿಂತ ಗೊಲ್ಲರಹಟ್ಟಿಗಳು ಕಾಣಸಿಗುತ್ತವೆ. ಇಂದು ಅಲ್ಲಿ ಹೆಂಚಿನ ಮನೆಗಳೂ ತಾರಸಿಯ ಮನೆಗಳೂ ಇವೆ. ವಿದ್ಯುದ್ದೀಪವಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಆದರೆ ಒಂದು ಕಾಲಕ್ಕೆ ಇವು ದನಕುರಿಗಳೊಡನೆ ಅಲೆಯುತ್ತಿದ್ದವರ ತಂಗುದಾಣಗಳು. ಅಲೆದಾಟದಿಂದ ನೆಲೆಗೆ ಬಂದ ಈ ಬದಲಾವಣೆ ಹೇಗಾಯಿತು, ಅದು ಪೂರ್ಣಗೊಂಡಿದೆಯೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಹೆಸರನ್ನೇ ಗಮನಿಸಬಹುದು. ‘ಹಟ್ಟಿ’ ಎಂಬುದು ಹಳೆಯ ‘ಪಟ್ಟಿ’ ಶಬ್ದದಿಂದ ಬಂದುದು. ದನಕುರಿಗಳ ದೊಡ್ಡಿ ಎಂಬುದು ಅದರ ಮೂಲಾರ್ಥಗಳಲ್ಲೊಂದು. ಮಂದೆ ನಿಂತಲ್ಲಿ ಮನುಷ್ಯನೂ ನಿಂತನು. ದೊಡ್ಡಿಯ ಹೆಸರೇ ಊರಿನ ಹೆಸರಾಯಿತು. ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ನಡುವೆ ದೇವರ ಗುಡಿ, ಒಳಗೆ ಮನೆಗಳು: ಈ ವಿನ್ಯಾಸದಲ್ಲಿ ಮಂದೆಯ ರಕ್ಷಣೆಯೇ ಮೊದಲ ಚಿಂತೆಯಾಗಿದ್ದಿತೆಂಬುದು ಸ್ಪಷ್ಟ.

1897ರಲ್ಲಿ ಪ್ರಕಟವಾದ ರೈಸ್ ಅವರ ಮೈಸೂರು ಗ್ಯಾಸೆಟಿಯರು ಊರುಗೊಲ್ಲರನ್ನೂ ಕಾಡುಗೊಲ್ಲರನ್ನೂ ಬೇರೆಬೇರೆಯಾಗಿ ಗುರುತಿಸಿ, ಎರಡನೆಯವರು ಇನ್ನೂ ಅಲೆಮಾರಿಗಳೆಂದೂ ಹಳ್ಳಿಗಳ ಹೊರಗೆ ಹುಲ್ಲಿನ ಗುಡಿಸಲುಗಳಲ್ಲಿ ವಾಸಿಸುವರೆಂದೂ ವರ್ಣಿಸಿದೆ. ಆದರೆ ಅಲೆದಾಟವೆಂದರೆ ಗುರಿಯಿಲ್ಲದ ತಿರುಗಾಟವೆಂದು ಭಾವಿಸಲಾಗದು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಮೇವು ಎಲ್ಲ ಕಾಲದಲ್ಲಿಯೂ ಒಂದೇ ಕಡೆ ದೊರೆಯುವುದಿಲ್ಲ. ಮೇವಿರುವಲ್ಲಿಗೆ ಮಂದೆಯನ್ನು ನಡೆಸುವುದು, ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿಗಳನ್ನು ನಿಲ್ಲಿಸಿ ಗೊಬ್ಬರ ಕೊಡುವುದು, ಅದಕ್ಕೆ ಪ್ರತಿಯಾಗಿ ರೈತನಿಂದ ದವಸವನ್ನೋ ಹಣವನ್ನೋ ಪಡೆಯುವುದು, ಇದು ಕುರಿಗಾರನಿಗೂ ಬೇಸಾಯಗಾರನಿಗೂ ಹಿತವಾದ ಒಂದು ವ್ಯವಸ್ಥೆ. ಹೀಗೆ ಒಂದೇ ಕುಟುಂಬದ ಕೆಲವರು ಹಟ್ಟಿಯಲ್ಲಿ ನಿಂತು ಹೊಲ ಉಳುವುದೂ, ಉಳಿದವರು ಮಂದೆಯ ಹಿಂದೆ ಹೋಗುವುದೂ ಸಾಧ್ಯವಾಯಿತು. ಆದುದರಿಂದ ನೆಲೆನಿಲ್ಲುವಿಕೆಯನ್ನು ಒಂದು ದಿನದ ಘಟನೆಯೆಂದು ತಿಳಿಯದೆ, ತಲೆಮಾರುಗಳ ಕಾಲ ನಡೆದ ಕ್ರಿಯೆಯೆಂದು ತಿಳಿಯುವುದು ಯುಕ್ತ.

ಮನುಷ್ಯನಿಗಿಂತ ಮೊದಲೇ ದೈವವು ನೆಲೆನಿಂತಂತೆ ತೋರುತ್ತದೆ. ಕಾಡುಗೊಲ್ಲರ ಸಾಂಸ್ಕೃತಿಕ ವೀರನಾದ ಜುಂಜಪ್ಪನು ಪಶುಪಾಲಕ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನ ಮುಖ್ಯ ಸ್ಥಾನ. ಬಿದಿರಿನ ಉದ್ದನೆಯ ಗಣೆಯನ್ನು ಊದುತ್ತ ಅವನ ಕಥೆಯನ್ನು ಹಾಡುವ ಸಂಪ್ರದಾಯವಿದೆ. ಮಂದೆ ಎತ್ತ ಹೋದರೂ ಮರಳಿ ಬರಲು ಒಂದು ಗುಡ್ಡೆ, ಒಂದು ಪರಿಷೆ ಇದ್ದಿತು.

ಆದರೆ ಸರ್ಕಾರದ ಕಡತವು ಈ ನೆಲೆಯನ್ನು ಬಹುಕಾಲ ಕಾಣಲಿಲ್ಲ. ಅನೇಕ ಹಟ್ಟಿಗಳು ಕಂದಾಯ ಗ್ರಾಮಗಳೆನಿಸದೆ ಬೇರೊಂದು ಊರಿನ ಭಾಗವಾಗಿಯೇ ಉಳಿದುದರಿಂದ, ತಾನು ಹುಟ್ಟಿ ಬೆಳೆದ ಮನೆಗೆ ಹಕ್ಕುಪತ್ರವಿಲ್ಲದ ಸ್ಥಿತಿ ಒದಗಿತು. ಕರ್ನಾಟಕ ಭೂಸುಧಾರಣಾ ಕಾಯಿದೆಗೆ 2016ರ ತಿದ್ದುಪಡಿಯು ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೆ ಮನೆಯ ಮೇಲೆ ಹಕ್ಕು ದೊರಕಿಸುವ ಮಾರ್ಗವನ್ನು ತೆರೆಯಿತು. ಲಂಬಾಣಿ ತಾಂಡಾಗಳಂತೆ ಗೊಲ್ಲರಹಟ್ಟಿಗಳೂ ಇದರ ವ್ಯಾಪ್ತಿಗೆ ಬಂದವು.

ಇದೇ ಕಾಲದಲ್ಲಿ ಮಂದೆಯ ನೆಲ ಕಿರಿದಾಗುತ್ತಿದ್ದುದನ್ನೂ ನೆನೆಯಬೇಕು. ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳಲ್ಲಿ ಸುಮಾರು 13,000 ಎಕರೆ ವಿಸ್ತಾರದಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರವು ತಲೆಯೆತ್ತಿತು; ಅದರ ಉದ್ಘಾಟನೆಯಾದುದು 2018ರಲ್ಲಿ. ಭೂಮಿಯನ್ನು ಗುತ್ತಿಗೆಗೆ ಕೊಟ್ಟವನಿಗೆ ವರ್ಷವರ್ಷವೂ ಹಣ ಬರುತ್ತದೆ. ಆ ಬೀಳುಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗುತ್ತಿಗೆಯೂ ಇಲ್ಲ, ಮೇವೂ ಇಲ್ಲ. ಮನೆಗೆ ಹಕ್ಕು ಬರುವ ಹೊತ್ತಿಗೆ ಜೀವನೋಪಾಯದ ನೆಲ ಕೈಬಿಡುವುದಾದರೆ, ಅಂಥ ನೆಲೆ ಅರ್ಧನೆಲೆಯೇ ಸರಿ.

ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಬೇಕು. ಬಾಣಂತಿಯನ್ನೂ ಮುಟ್ಟಾದ ಹೆಂಗಸನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿಯು ರೈಸ್ ಅವರ ಗ್ರಂಥದ ಕಾಲದಲ್ಲಿಯೂ ಇದ್ದಿತು. ಎಲ್ಲರೂ ಗುಡಿಸಲಿನಲ್ಲಿದ್ದಾಗ ಹೊರಗಿನ ಗುಡಿಸಲಿಗೂ ಒಳಗಿನದಕ್ಕೂ ಅಂತರ ಅಲ್ಪವಾಗಿದ್ದಿರಬಹುದು. ಉಳಿದವರು ತಾರಸಿಯ ಕೆಳಗೆ ಮಲಗುವ ಕಾಲದಲ್ಲಿ ಆ ಅಂತರ ಪ್ರಾಣಾಂತಿಕವಾಗಬಲ್ಲುದು. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ, ಹೀಗೆ ಹೊರಗಿರಿಸಲಾಗಿದ್ದ ಬಾಣಂತಿಯೊಬ್ಬಳ ಹಸುಳೆ ತೀರಿಕೊಂಡಿತು. ಮನೆ ನೆಲೆನಿಂತರೂ ಅದರೊಳಗೆ ತಾಯಿಗೆ ಸ್ಥಳ ದೊರೆಯದಿದ್ದರೆ ಆ ನೆಲೆನಿಲ್ಲುವಿಕೆಗೆ ಅರ್ಥವೇನು?

ಇಷ್ಟನ್ನು ಗಮನಿಸಿದರೆ, ನೆಲೆನಿಲ್ಲುವುದೆಂದರೆ ಕೇವಲ ಕಾಲು ನಿಲ್ಲುವುದಲ್ಲವೆಂದು ತಿಳಿಯುತ್ತದೆ. ದೈವ, ಮನೆ, ಹಕ್ಕು, ಜೀವನೋಪಾಯ, ಆಚಾರ ಇವು ಒಂದೊಂದೂ ತನ್ನ ತನ್ನ ವೇಗದಲ್ಲಿ ನೆಲೆಗೆ ಬರುತ್ತವೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಟ್ಟಿಗಳಿಂದ ಬಂದವರು ಉಂಟು. ಅವರು ತಮ್ಮ ಹಿರಿಯರಿಂದ ಮಂದೆ ನಡೆದ ದಾರಿಗಳನ್ನೂ ತಂಗಿದ ಊರುಗಳನ್ನೂ ಕೇಳಿ ಬರೆದಿಟ್ಟರೆ, ಶಾಸನಗಳಲ್ಲಿ ದೊರೆಯದ ಒಂದು ಚರಿತ್ರೆ ಉಳಿದೀತು. ಆ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು.