ಚಾರ್ಲ್ಸ್ ಇಂಗಲ್ಸ್: ಮಗಳು ಹೇಳಿದ್ದು, ಕಡತ ಉಳಿಸಿದ್ದು

1875ರ ಕೊನೆಯ ತಿಂಗಳುಗಳು. ಅಮೆರಿಕದ ಮಿನ್ನೆಸೋಟಾ ರಾಜ್ಯದ ರೆಡ್‌ವುಡ್ ಕೌಂಟಿಯಲ್ಲಿ ರೈತರೊಬ್ಬರು ಅಧಿಕಾರಿಗಳ ಮುಂದೆ ನಿಂತು, ತಮ್ಮ ಕೈಯಲ್ಲಿ ಏನೂ ಉಳಿದಿಲ್ಲ ಎಂದು ಪ್ರಮಾಣ ಮಾಡಿದರು. ಗೋಧಿಯ ಬೆಳೆಯನ್ನೆಲ್ಲ ಮಿಡತೆಗಳು ತಿಂದು ಮುಗಿಸಿದ್ದವು. ಪ್ರಮಾಣ ಮಾಡಿದ್ದಕ್ಕೆ ಸಿಕ್ಕಿದ್ದು ಎರಡು ಅರೆ ಪೀಪಾಯಿ ಹಿಟ್ಟು. ಮನೆಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳು, ಆಗಷ್ಟೇ ಹುಟ್ಟಿದ್ದ ಗಂಡು ಕೂಸು.

ಆ ರೈತರೇ ಚಾರ್ಲ್ಸ್ ಇಂಗಲ್ಸ್. ಅವರ ಎರಡನೆಯ ಮಗಳು ಲಾರಾ ಇಂಗಲ್ಸ್ ವೈಲ್ಡರ್ ಅರವತ್ತೈದರ ವಯಸ್ಸಿನಲ್ಲಿ, 1932ರಲ್ಲಿ, ಬಾಲ್ಯದ ನೆನಪುಗಳನ್ನು ಕಾದಂಬರಿಗಳಾಗಿ ಪ್ರಕಟಿಸತೊಡಗಿದರು. ಕನ್ನಡಕ್ಕೂ ಬಂದಿರುವ ಆ ಪುಟ್ಟ ಮನೆಯ ಕಥೆಗಳಲ್ಲಿ ಪಿಟೀಲು ನುಡಿಸುವ, ಎದೆಗುಂದದ ಅಪ್ಪ ಇದ್ದಾರೆ. ಹಿಟ್ಟಿಗಾಗಿ ಪ್ರಮಾಣ ಮಾಡಿದ ಅಪ್ಪ ಇಲ್ಲ. ಆ ಅಪ್ಪನನ್ನು ಉಳಿಸಿಕೊಟ್ಟದ್ದು ಸರ್ಕಾರಿ ಕಾಗದಪತ್ರ.

ಎರಡು ಮನೆ, ಮೂರು ಮದುವೆ

ಚಾರ್ಲ್ಸ್ ಹುಟ್ಟಿದ್ದು 1836ರ ಜನವರಿ 10ರಂದು, ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಎಂಬ ಊರಿನಲ್ಲಿ. ತಂದೆ ಲ್ಯಾನ್ಸ್‌ಫರ್ಡ್ ಹೊಸ ನೆಲ ಹುಡುಕುತ್ತ ಸಂಸಾರವನ್ನು ಇಲಿನಾಯ್‌ಗೂ ಆಮೇಲೆ ವಿಸ್ಕಾನ್ಸಿನ್‌ಗೂ ಕರೆದೊಯ್ದರು. ಅಲ್ಲಿ ನೆರೆಯವರಾಗಿದ್ದ ಕ್ವೈನರ್ ಮನೆಯ ಯಜಮಾನ ಮಿಷಿಗನ್ ಸರೋವರದ ಹಡಗು ದುರಂತದಲ್ಲಿ ಎಂದೋ ತೀರಿಕೊಂಡಿದ್ದರು. ಈ ಎರಡು ಮನೆಗಳ ನಡುವೆ ಕೊಟ್ಟು ತರುವ ಸಂಬಂಧ ಬೆಳೆಯಿತು. ಇಂಗಲ್ಸ್ ಮನೆಯ ಇಬ್ಬರು ಗಂಡುಮಕ್ಕಳು ಕ್ವೈನರ್ ಮನೆಯ ಅಕ್ಕತಂಗಿಯರನ್ನು ಮದುವೆಯಾದರೆ, ಇಂಗಲ್ಸ್ ಮನೆಯ ಮಗಳು ಕ್ವೈನರ್ ಮನೆಯ ಸೊಸೆಯಾದಳು. ಚಾರ್ಲ್ಸ್ ಮತ್ತು ಶಾಲಾ ಶಿಕ್ಷಕಿ ಕ್ಯಾರೊಲಿನ್ ಅವರ ಮದುವೆ 1860ರ ಫೆಬ್ರವರಿ 1ರಂದು ನಡೆಯಿತು.

1863ರಲ್ಲಿ ಚಾರ್ಲ್ಸ್ ತಮ್ಮ ಭಾವಮೈದುನ ಹೆನ್ರಿ ಕ್ವೈನರ್ ಜೊತೆ ಸೇರಿ ವಿಸ್ಕಾನ್ಸಿನ್‌ನ ಪೆಪಿನ್ ಬಳಿ ಜಮೀನು ಕೊಂಡರು. 1865ರಲ್ಲಿ ಮೇರಿ, 1867ರಲ್ಲಿ ಲಾರಾ ಹುಟ್ಟಿದ್ದು ಅಲ್ಲೇ. ನೆಲೆ ನಿಂತಿತು ಎನ್ನುವಷ್ಟರಲ್ಲಿ ಅದನ್ನೂ ಮಾರಿ, ಬಂಡಿ ಹೂಡಿದರು.

ಒಸೇಜರ ನೆಲದಲ್ಲಿ

1869ರಲ್ಲಿ ಅವರು ಮರದ ಮನೆ ಕಟ್ಟಿದ್ದು ಕಾನ್ಸಾಸ್‌ನಲ್ಲಿ. ಆ ನೆಲ ಮೂಲನಿವಾಸಿ ಒಸೇಜ್ ಜನರದು. 1870ರ ಜನಗಣತಿಯ ಹಾಳೆಯಲ್ಲಿ ಇಂಗಲ್ಸ್ ಕುಟುಂಬದ ಹೆಸರಿದೆ, ಆದರೆ ಭೂಮಿಯ ಮೌಲ್ಯ ಬರೆಯಬೇಕಾದ ಜಾಗ ಖಾಲಿ. ಭೂಮಿ ಒಸೇಜರಿಗೆ ಸೇರಿದ್ದು, ಅಲ್ಲಿ ನೆಲೆಸಿದವರಿಗೆ ಅದರ ಮೇಲೆ ಹಕ್ಕಿಲ್ಲ ಎಂಬುದು ಗಣತಿದಾರರಿಗೆ ಗೊತ್ತಿತ್ತು. ಅದೇ ಗಣತಿಯಲ್ಲಿ ನೆರೆಯವರಾಗಿ ಕಾಣುವ ಕಪ್ಪು ವೈದ್ಯ ಜಾರ್ಜ್ ಟ್ಯಾನ್ ಲಾರಾ ಅವರ ಕಾದಂಬರಿಯಲ್ಲೂ ಬರುತ್ತಾರೆ. ಚಳಿಜ್ವರದಿಂದ ಮಲಗಿದ್ದ ಸಂಸಾರವನ್ನು ಉಳಿಸಿದವರು ಅವರು.

ಕಾದಂಬರಿಯಲ್ಲಿ ಸೈನಿಕರು ಬಂದು ಎಬ್ಬಿಸುತ್ತಾರೆಂಬ ಸುದ್ದಿ ಕೇಳಿ ಅಪ್ಪ ಹೊರಡುತ್ತಾರೆ. ನಿಜದಲ್ಲಿ ಜಾಗ ಬಿಡಬೇಕಾಗಿ ಬಂದದ್ದು ಒಸೇಜರಿಗೆ. 1870ರಲ್ಲೇ ಅವರನ್ನು ದಕ್ಷಿಣಕ್ಕೆ, ಇಂದಿನ ಒಕ್ಲಹೋಮಾಗೆ ಕಳಿಸುವ ತೀರ್ಮಾನವಾಗಿತ್ತು. ಇಂಗಲ್ಸ್ ಕುಟುಂಬ 1871ರಲ್ಲಿ ಹಿಂದಿರುಗಿದ್ದಕ್ಕೆ ವಿಸ್ಕಾನ್ಸಿನ್‌ನ ಜಮೀನು ಕೊಂಡವರು ಹಣ ಕಟ್ಟಲಾಗದೆ ಹೋದದ್ದೂ ಕಾರಣ. ಈ ಪುಟವನ್ನು ಬಿಟ್ಟರೆ ಮನೆತನದ ಚರಿತ್ರೆ ಅರ್ಧವೇ.

ಮಿಡತೆಯ ವರ್ಷಗಳು

1874ರಲ್ಲಿ ಮಿನ್ನೆಸೋಟಾದ ಪ್ಲಮ್ ಕ್ರೀಕ್ ದಂಡೆಗೆ ಬಂದರು. ದಿಬ್ಬ ಕೊರೆದು ಮಾಡಿದ ಮಣ್ಣಿನ ಮನೆಯಲ್ಲಿ ಮೊದಲ ವಾಸ. ಮುಂದೆ ಬರುವ ಗೋಧಿಯ ಭರವಸೆಯ ಮೇಲೆ ಹಲಗೆ ಮನೆ. ಆದರೆ ರಾಕಿ ಪರ್ವತದ ಮಿಡತೆಗಳು 1873ರಿಂದ 1877ರವರೆಗೆ ಆ ಸೀಮೆಯನ್ನು ಮತ್ತೆ ಮತ್ತೆ ಮೇಯ್ದವು. ತಿಂದು ಹೋದವಷ್ಟೇ ಅಲ್ಲ, ಮಣ್ಣಿನಲ್ಲಿ ಮೊಟ್ಟೆಯಿಟ್ಟು ಮರುವರ್ಷದ ಬೆಳೆಗೂ ಕಾದು ಕುಳಿತವು.

1876ರ ಆಗಸ್ಟ್‌ನಲ್ಲಿ, ಹೊಲ ಮಾರಿ ಅಯೋವಾಗೆ ಹೊರಟ ನಡುದಾರಿಯಲ್ಲಿ, ಒಂಬತ್ತು ತಿಂಗಳ ಮಗು ಫ್ರೆಡಿ ತೀರಿಕೊಂಡಿತು. ಬರ್ ಓಕ್ ಎಂಬ ಊರಿನಲ್ಲಿ ಸಂಸಾರ ಹೋಟೆಲೊಂದರಲ್ಲಿ ದುಡಿಯಿತು. ಅಲ್ಲೇ ಕಿರಿಯವಳು ಗ್ರೇಸ್ ಹುಟ್ಟಿದಳು. ಸಾಲ ತೀರಿಸಲಾಗದೆ ರಾತ್ರೋರಾತ್ರಿ ಊರು ಬಿಟ್ಟರು. ಫ್ರೆಡಿಯೂ ಬರ್ ಓಕ್ ಊರೂ ಲಾರಾ ಪ್ರಕಟಿಸಿದ ಕಾದಂಬರಿಗಳಲ್ಲಿ ಎಲ್ಲೂ ಇಲ್ಲ. ಅವರು ಮೊದಲು ಬರೆದಿಟ್ಟಿದ್ದ ಆತ್ಮಕಥೆ ‘ಪಯೊನೀರ್ ಗರ್ಲ್’ 2014ರಲ್ಲಿ ಟಿಪ್ಪಣಿಗಳ ಸಮೇತ ಪ್ರಕಟವಾದಾಗಲೇ ಬಹುಪಾಲು ಓದುಗರಿಗೆ ಈ ಸಂಗತಿಗಳು ತಿಳಿದದ್ದು. 1879ರಲ್ಲಿ ಹಿರಿಯ ಮಗಳು ಮೇರಿ ಕಾಯಿಲೆ ಬಿದ್ದು ದೃಷ್ಟಿ ಕಳೆದುಕೊಂಡಳು.

ಕೊನೆಗೂ ಹಕ್ಕುಪತ್ರ

ಅದೇ ವರ್ಷ ಚಾರ್ಲ್ಸ್ ರೈಲು ಕಂಪನಿಯ ಲೆಕ್ಕ ಬರೆಯುವ ಕೆಲಸ ಹಿಡಿದು ಡಕೋಟಾಕ್ಕೆ ಹೋದರು. ಅಧ್ಯಕ್ಷ ಲಿಂಕನ್ 1862ರಲ್ಲಿ ಸಹಿ ಮಾಡಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಐದು ವರ್ಷ ನೆಲದ ಮೇಲೆ ವಾಸವಿದ್ದು ಉಳುಮೆ ಮಾಡಿದವರಿಗೆ 160 ಎಕರೆ ಸಿಗುತ್ತಿತ್ತು. 1880ರಲ್ಲಿ ಡಿ ಸ್ಮೆಟ್ ಊರಿನ ಬಳಿ ಅರ್ಜಿ ಹಾಕಿದರು. ಹಿಮಗಾಳಿಗೆ ರೈಲುಗಳೇ ನಿಂತು ಊರು ಹಸಿದ 1880–81ರ ಚಳಿಗಾಲವನ್ನೂ ದಾಟಿ, 1886ರಲ್ಲಿ ಷರತ್ತು ಪೂರೈಸಿದ್ದನ್ನು ರುಜುವಾತುಪಡಿಸಿದರು. ಇಂಥ ಅರ್ಜಿಗಳ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಉತ್ತ ಎಕರೆ ಎಷ್ಟು, ಮನೆಯ ಅಳತೆ ಏನು, ಸಾಕ್ಷಿ ಹೇಳಿದ ನೆರೆಯವರು ಯಾರು ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. 1890ರ ಜನಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿಯಲ್ಲಿ ಹಾಳಾದ್ದರಿಂದ, ಆ ಕಾಲದ ರೈತ ಕುಟುಂಬಗಳ ಜಾಡು ಹಿಡಿಯುವವರಿಗೆ ಈ ಕಡತಗಳು ದೊಡ್ಡ ಆಧಾರ.

ಅಷ್ಟು ಕಷ್ಟಪಟ್ಟು ಪಡೆದ ಜಮೀನು ಸಂಸಾರವನ್ನು ಸಾಕಲಿಲ್ಲ. ಚಾರ್ಲ್ಸ್ 1887ರಲ್ಲಿ ಊರೊಳಗೆ ಮನೆ ಕಟ್ಟಿಕೊಂಡರು, 1892ರಲ್ಲಿ ಜಮೀನು ಮಾರಿದರು. 1902ರ ಜೂನ್ 8ರಂದು, 66ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅವರನ್ನು ಬರಿಗೈ ಮಾಡಿದ ಆ ಮಿಡತೆ ಜಾತಿ ಜೀವಂತವಾಗಿ ಕೊನೆಯ ಸಲ ಕಂಡದ್ದೂ 1902ರಲ್ಲೇ.

ನಾಲ್ವರು ಹೆಣ್ಣುಮಕ್ಕಳಲ್ಲಿ ಲಾರಾಗೆ ಮಾತ್ರ ಬದುಕುಳಿದ ಸಂತಾನವಿತ್ತು. ಆ ಮಗಳು, ಲೇಖಕಿ ರೋಸ್ ವೈಲ್ಡರ್ ಲೇನ್, 1968ರಲ್ಲಿ ತೀರಿಕೊಂಡಾಗ ಚಾರ್ಲ್ಸ್ ಅವರ ವಂಶ ಅಲ್ಲಿಗೆ ನಿಂತಿತು. ಈಗ ಅವರ ವಾರಸುದಾರರು ಓದುಗರೇ. ವಾರಸುದಾರಿಕೆಯಲ್ಲಿ ಆಸ್ತಿಯ ಜೊತೆ ಸಾಲವೂ ಬರುತ್ತದೆ. ಪಿಟೀಲಿನ ಸಂಜೆಗಳನ್ನು ಪ್ರೀತಿಯಿಂದ ಪಡೆದವರು ಒಸೇಜರ ನೆಲವನ್ನೂ, ಫ್ರೆಡಿಯನ್ನೂ, ಆ ಎರಡು ಅರೆ ಪೀಪಾಯಿ ಹಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗೆ ಓದಿದರೆ ಚಾರ್ಲ್ಸ್ ಅವರ ಮೇಲಿನ ಅಕ್ಕರೆ ಕಡಿಮೆಯಾಗುವುದಿಲ್ಲ. ಮಕ್ಕಳ ಮುಂದೆ ಒಬ್ಬ ಅಪ್ಪ ಎಷ್ಟನ್ನು ನುಂಗಿಕೊಂಡು ನಕ್ಕಿದ್ದರು ಎಂಬುದು ತಿಳಿಯುತ್ತದೆ.