ಕಾಂಪೋಸ್ಟೆಬಲ್ ಕವರ್ ನಿಜವಾಗ್ಲೂ ಮಣ್ಣಾಗತ್ತಾ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಊಟ ತರಿಸ್ಕೊಳ್ಳೋರಿಗೆ ಈ ಕವರ್ ಗೊತ್ತೇ ಇರತ್ತೆ. ಮೇಲೆ ‘ಐ ಆ್ಯಮ್ ನಾಟ್ ಪ್ಲಾಸ್ಟಿಕ್’, ‘ಕಾಂಪೋಸ್ಟೆಬಲ್’ ಅಂತ ಪ್ರಿಂಟ್ ಆಗಿರತ್ತೆ. ಮುಟ್ಟಿದ್ರೆ ಸ್ವಲ್ಪ ಮೆತ್ತಗೆ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿತು. ಈಗ ಎಷ್ಟೋ ಅಂಗಡಿಗಳಲ್ಲಿ ಆ ಜಾಗದಲ್ಲಿ ಇದೇ ಇದೆ. ಹಾಗಾದ್ರೆ ಇದನ್ನ ಖಾಲಿ ಸೈಟಿಗೆ ಎಸೆದ್ರೆ ತಾನಾಗೇ ಕರಗಿ ಹೋಗತ್ತಾ?

ಮೊದಲು, ಕರಗೋದು ಅಂದ್ರೆ ಏನು ಅಂತ ನೋಡೋಣ. ಪ್ಲಾಸ್ಟಿಕ್ ಅಂದ್ರೆ ಅಣುಗಳ ಉದ್ದದ ಸರಪಳಿ. ಬ್ಯಾಕ್ಟೀರಿಯಾ, ಬೂಷ್ಟು ಅದನ್ನ ಇಡಿಯಾಗಿ ನುಂಗೋಕಾಗಲ್ಲ. ಹಾಗಾಗಿ ಅವು ಕಿಣ್ವಗಳನ್ನ, ಅಂದ್ರೆ ಎನ್‌ಜೈಮ್‌ಗಳನ್ನ, ಹೊರಗೆ ಬಿಡ್ತವೆ. ಕಿಣ್ವ ನೀರಿನ ಜೊತೆ ಸೇರಿ ಸರಪಳಿಯ ‘ಎಸ್ಟರ್’ ಕೊಂಡಿಗಳನ್ನ ಕತ್ತರಿಸತ್ತೆ. ಚೂರುಗಳು ಸಣ್ಣದಾದ ಮೇಲೆ ಸೂಕ್ಷ್ಮಜೀವಿ ಒಳಗೆ ಎಳ್ಕೊಂಡು ತಿನ್ನತ್ತೆ. ಕೊನೆಗೆ ಉಳಿಯೋದು ಕಾರ್ಬನ್ ಡೈಆಕ್ಸೈಡ್, ನೀರು, ಮತ್ತೆ ತಿಂದು ಬೆಳೆದ ಸೂಕ್ಷ್ಮಜೀವಿಗಳು. ಮಾಮೂಲಿ ಪಾಲಿಥಿನ್ ಕವರಲ್ಲಿ ಎಸ್ಟರ್ ಕೊಂಡಿಯೇ ಇಲ್ಲ. ಅದಕ್ಕೇ ಅದು ವರ್ಷಗಟ್ಟಲೆ ಹಾಗೇ ಬಿದ್ದಿರತ್ತೆ.

ಈ ಹೊಸ ಕವರಲ್ಲಿ ಸಾಮಾನ್ಯವಾಗಿ ಪಿಬಿಎಟಿ, ಪಿಎಲ್‌ಎ, ಪಿಷ್ಟ ಮಿಶ್ರಣ ಇರತ್ತೆ. ಪಿಬಿಎಟಿ, ಪಿಎಲ್‌ಎ ಎರಡರಲ್ಲೂ ಎಸ್ಟರ್ ಕೊಂಡಿ ಇದೆ. ಆದ್ರೆ ಎರಡೂ ಪ್ಲಾಸ್ಟಿಕ್ಕೇ! ಜೊತೆಗೆ ಪಿಎಲ್‌ಎ ಸುಮಾರು 60 ಡಿಗ್ರಿ ತನಕ ಗಾಜಿನ ಥರ ಬಿಗಿಯಾಗಿರತ್ತೆ, ನೀರಿಗೂ ಕಿಣ್ವಕ್ಕೂ ಸುಲಭವಾಗಿ ದಾರಿ ಬಿಡಲ್ಲ. ಐಎಸ್ 17088 ಮಾನದಂಡದ ಪ್ರಕಾರ, ಕಾಂಪೋಸ್ಟ್ ಪರೀಕ್ಷೆಯಲ್ಲಿ 180 ದಿನದೊಳಗೆ ಅದರ ಶೇ 90ರಷ್ಟು ಕಾರ್ಬನ್, ಕಾರ್ಬನ್ ಡೈಆಕ್ಸೈಡ್ ಆಗಬೇಕು. ಆ ಪರೀಕ್ಷೆ ನಡೆಯೋದು ಸುಮಾರು 58 ಡಿಗ್ರಿ ಬಿಸಿಯಲ್ಲಿ.

ಅಷ್ಟು ಬಿಸಿ ದೊಡ್ಡ ಕಾಂಪೋಸ್ಟ್ ರಾಶಿಯ ಒಳಗಡೆ ಸಿಗತ್ತೆ. ವರ್ತೂರು ಕೆರೆಯಲ್ಲಿ, ಪೀಣ್ಯದ ಚರಂಡಿಯಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಬಿದ್ರೆ ಇದೂ ಚರಂಡಿ ಕಟ್ಟಿಸತ್ತೆ, ಹಸುವಿನ ಹೊಟ್ಟೆಗೂ ಹೋಗತ್ತೆ. ಒಣಕಸಕ್ಕೆ ಹಾಕಿದ್ರೆ ರೀಸೈಕಲ್ ಆಗೋ ಪಾಲಿಥಿನ್ ಜೊತೆ ಸೇರಿ ಅದನ್ನೂ ಕೆಡಿಸತ್ತೆ.

ಹಾಗಾದ್ರೆ ಏನ್ ಮಾಡೋದು? ಕವರ್ ಮೇಲೆ ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ನಂಬರ್ ಇದ್ಯಾ ನೋಡಿ. ನಿಮ್ಮ ಅಪಾರ್ಟ್‌ಮೆಂಟ್ ಹಸಿಕಸ ಎಲ್ಲಿಗೆ ಹೋಗತ್ತೆ, ಅಲ್ಲಿ ಈ ಕವರ್ ತಗೋತಾರಾ ಅಂತ ಕೇಳಿ. ತಗೊಳ್ಳಲ್ಲ ಅಂದ್ರೆ, ನಿಮ್ಮ ಮಟ್ಟಿಗೆ ಇದೂ ಇನ್ನೊಂದು ಪ್ಲಾಸ್ಟಿಕ್ ಕವರ್ ಅಷ್ಟೇ. ಬ್ಯಾಗಲ್ಲಿ ಒಂದು ಬಟ್ಟೆ ಚೀಲ ಮಡಚಿ ಇಟ್ಕೊಂಡಿರಿ. ಮುಂದಿನ ಎಪಿಸೋಡಲ್ಲಿ ಸಿಗೋಣ.