ಕಡಲಿಗೆ ಗೊಬ್ಬರ ಹಾಕುವ ಗಾಳಿ: ಜತ್ತದಿಂದ ಅರಬ್ಬಿ ಸಮುದ್ರವನ್ನು ನೋಡಿದಾಗ

ಜತ್ತ ತಾಲೂಕಿನವನು ಸಮುದ್ರದ ಬಗ್ಗೆ ಏನು ಹೇಳ್ತಾನ ಅಂತ ವಿಷಯ ಕೊಟ್ಟಾಗಲೇ ಕೆಲವರು ಕೇಳಿದ್ರು. ಕೇಳಬೇಕಾದ್ದೇ. ನಮ್ಮಿಂದ ಕೊಂಕಣ ತೀರ ನೇರ ಅಳತೆಯಲ್ಲಿ ಸುಮಾರು 200 ಕಿ.ಮೀ., ನಡುವೆ ಸಹ್ಯಾದ್ರಿ. ಆದರೆ ಜೂನ್‌ನಲ್ಲಿ ಉಮದಿ, ಸಂಖ, ಮಾಡಗ್ಯಾಳದ ಹೊಲಗಳಲ್ಲಿ ಧೂಳೆಬ್ಬಿಸುವ ಗಾಳಿ ಅರಬ್ಬಿ ಸಮುದ್ರದ ಮೇಲಿಂದಲೇ ಬರುವಂಥದ್ದು.

ಅದು ಕಡಲಲ್ಲಿ ಮಾಡುವ ಕೆಲಸ ಮೊದಲು ನೋಡೋಣ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಗುಂಟ ಗಾಳಿ ದಕ್ಷಿಣಕ್ಕೆ ವಾಲಿ ಬೀಸುತ್ತದೆ. ಭೂಮಿ ತಿರುಗುವುದರಿಂದ ನಮ್ಮ ಗೋಲಾರ್ಧದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ಇಲ್ಲಿ ದಡದಿಂದ ದೂರಕ್ಕೆ, ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ಸತ್ತ ಜೀವಿಗಳು ಕೆಳಗೆ ಕೊಳೆತು ಉಳಿದ ನೈಟ್ರೇಟ್, ಫಾಸ್ಫೇಟ್ ಅದರ ಕೂಡ ಬರುತ್ತವೆ. ಹೊಲಕ್ಕೆ ತಿಪ್ಪೆಗೊಬ್ಬರ ಚೆಲ್ಲಿದಂಗ. ಬಿಸಿಲು ತಾಗುವ ಪದರದಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹಬ್ಬುತ್ತದೆ, ಅದರ ಮೇಲೆ ಬೂತಾಯಿ ಮೀನಿನ ಹಿಂಡು ಬೆಳೆಯುತ್ತದೆ. ಕೇರಳದ ಎದುರು ಇದು ಜೋರು, ಕರ್ನಾಟಕದ ಕಡೆ ಬಂದಂತೆ ಸ್ವಲ್ಪ ಮೆತ್ತಗೆ. ಹೀಗೆ ಏಳುವ ನೀರಿನಲ್ಲಿ ಆಮ್ಲಜನಕ ಕಡಿಮೆ ಅನ್ನುವುದನ್ನೂ ಮರೆಯಬಾರದು. ಗೊಬ್ಬರ ಅತಿಯಾದರೆ ಬೆಳೆ ಸುಡೋದು ನಮಗೆ ಗೊತ್ತಲ್ಲ.

ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,500 ಟನ್ನೂ ಇಲ್ಲ. ಇದು ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ. ಬಲೆ ಹೆಚ್ಚಾದದ್ದನ್ನೂ ಕಡಲು ಕಾದದ್ದನ್ನೂ ಒಟ್ಟಿಗೇ ಎಣಿಸಬೇಕು. ಮಳೆ ನಂಬಿ ಬಿತ್ತುವವನಿಗೆ ಇಂಥ ಏರಿಳಿತ ಹೊಸದಲ್ಲ.

ಇತಿಹಾಸ ಬೇಗ ಮುಗಿಸ್ತೀನಿ. ಮಾನ್ಸೂನ್ ಎಂಬ ಮಾತೇ ಋತು ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ಗಾಳಿಯ ಋತು ನೋಡಿ ಹೊರಟ ಹಡಗುಗಳಲ್ಲಿ ಭಟ್ಕಳಕ್ಕೆ ಬಂದಿಳಿದ ಕುದುರೆಗಳು ಘಟ್ಟ ಹತ್ತಿ ವಿಜಯನಗರಕ್ಕೆ ಹೋದವು.

ಮಳೆಗೆ ಘಟ್ಟ ಅಷ್ಟು ಸಲೀಸಲ್ಲ. ಗಾಳಿ ಏರುತ್ತ ತಣ್ಣಗಾಗಿ ತನ್ನ ನೀರು ಅಲ್ಲೇ ಸುರಿಸುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ದಾಟುತ್ತದೆ, ಇಳಿಯುತ್ತ ಬಿಸಿಯಾಗಿ ಒಣಗಿದ ಗಾಳಿಯಿಂದ ಜತ್ತಕ್ಕೆ ಸಿಗುವುದು 500–600ರ ಆಸುಪಾಸು. ಅದರಲ್ಲೂ ನಾವು ನೆಚ್ಚುವುದು ಈ ಗಾಳಿ ಸಡಿಲಾದ ಮೇಲಿನ ಉತ್ತರಿ, ಹಸ್ತದ ಗುಡುಗು ಮಳೆಯನ್ನು. ಹಿಂಗಾರಿ ಜೋಳ ನಿಂತಿರೋದು ಅದರ ಮೇಲೆ.

ಮಹಾಬಳೇಶ್ವರದಲ್ಲಿ ಬಿದ್ದ ಕಡಲ ನೀರು ಕೃಷ್ಣೆಯಾಗಿ ಸಾಂಗಲಿ ದಾಟುತ್ತದೆ. ಮ್ಹೈಸಾಳದಲ್ಲಿ ಪಂಪಿನಿಂದ ಎತ್ತಿದರೆ ಮಾತ್ರ ಅದು ನಮ್ಮ ಕಡೆ ತಿರುಗುತ್ತದೆ. 2022ರ ನವೆಂಬರ್‌ನಲ್ಲಿ ಜತ್ತದ ಹಳ್ಳಿಗಳು ಗಡಿ ಸುದ್ದಿಯಲ್ಲಿ ಬಂದಾಗ ಟಿವಿಯವರು ಭಾಷೆಯ ಜಗಳ ಆಡಿಸಿದರು. ಪೂರ್ವ ಭಾಗದ ಜನ ಕೇಳಿದ್ದು ನೀರನ್ನ.

ಮೀನಿನ ಲೆಕ್ಕ ಒಂದು ಇಲಾಖೆಯಲ್ಲಿ, ಮಳೆಯದು ಇನ್ನೊಂದರಲ್ಲಿ. ಎರಡನ್ನೂ ತಿಂಗಳುವಾರು ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಮುಂದಿನ ಕೆಲಸ. ಮಲ್ಪೆ, ಕಾರವಾರ ಕಡೆಯವರು ಯಾರಾದರೂ ಇದ್ದರೆ ಮೊದಲು ನೀವೇ ಮಾತಾಡ್ರಿ.